ಕುಕ್ಕರ್ ತಾ, ಸಂಕೋಚ ಬಿಟ್ಟು ಬಾ

ಅಮೆರಿಕದ ಬೋಲ್ಡರಿನ ಕೊಲೊರಾಡೊ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ಆಗಸ್ಟಿನಲ್ಲಿ ಹೊರಡುತ್ತೇನೆ, ರೂಮು, ಜಾಕೆಟ್, ಕುಕ್ಕರ್ ಏನು ಮಾಡಲಿ ಅಂತ ಕೇಳಿದ್ದೀಯ. ಜೊತೆಗೆ, ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ಕೋಚ್ ಡಿಯಾನ್ ಸ್ಯಾಂಡರ್ಸ್ ಬಗ್ಗೆ ಯಾಕಿಷ್ಟು ಗಲಾಟೆ ಅಂತಲೂ.

ಜಾಕೆಟ್ ಇಲ್ಲಿಗೆ ಬಂದ ಮೇಲೆ ತಗೋ. ರೂಮು ಬಸ್ಸು ಓಡಾಡುವ ಕಡೆ ನೋಡು. ಕುಕ್ಕರ್ ಮಾತ್ರ ಊರಿಂದಲೇ ತಾ ಮಾರಾಯ. ಇದು 5,400 ಅಡಿ ಎತ್ತರದ ಊರು, ನೀರು 95 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಅಕ್ಕಿ ಬೇಗ ಬೇಯುವುದಿಲ್ಲ. ಕುಚ್ಚಲಕ್ಕಿಯನ್ನು ಪಾತ್ರೆಯಲ್ಲಿ ಬೇಯಿಸಲು ಹೋಗಿ ಮೊದಲ ವಾರ ನಾನು ಬ್ರೆಡ್ಡು ತಿಂದು ಮಲಗಿದ್ದೆ.

ಇನ್ನು ಕೋಚ್. ಈ ಫುಟ್‌ಬಾಲಿನ ಫೈನಲ್ ಸೂಪರ್ ಬೌಲ್, ಬೇಸ್‌ಬಾಲಿನ ಫೈನಲ್ ವರ್ಲ್ಡ್ ಸೀರೀಸ್ ಎರಡನ್ನೂ ಆಡಿದವನು ಆತನೊಬ್ಬನೇ. 2022ರಲ್ಲಿ ಇಲ್ಲಿಯ ತಂಡ 12ರಲ್ಲಿ ಒಂದೇ ಮ್ಯಾಚ್ ಗೆದ್ದಿತ್ತು. ಡಿಸೆಂಬರಿನಲ್ಲಿ ಆತ ಬಂದ. ನನ್ನ ಆಟಗಾರರು ಬರುತ್ತಿದ್ದಾರೆ, ಹೋಗುವವರು ಹೋಗಬಹುದು ಎಂದು ಮೊದಲ ಮೀಟಿಂಗಿನಲ್ಲೇ ಹುಡುಗರಿಗೆ ಹೇಳಿಬಿಟ್ಟ. ಐವತ್ತಕ್ಕಿಂತ ಜಾಸ್ತಿ ಹುಡುಗರು ಬೇರೆ ಕಾಲೇಜಿಗೆ ಹೋದರು. 2024ರಲ್ಲಿ 9 ಮ್ಯಾಚ್ ಗೆದ್ದರು, ಅದಿರಲಿ. ಆ ಮೀಟಿಂಗಿನ ವಿಡಿಯೊ ನೋಡಿದಾಗ ನನಗೆ ನೆನಪಾದದ್ದು ಪಕ್ಕದ ಮನೆಯ ಮುದುಕ. ಇಲ್ಲಿ ಯಾರನ್ನೂ ಕೈ ಹಿಡಿದು ಕೂರಿಸುವುದಿಲ್ಲ.

ನಾನು ಬಂದದ್ದು 2006ರಲ್ಲಿ. ಆ ಸಲ ತಂಡ ಗೆದ್ದದ್ದು ಎರಡೇ ಮ್ಯಾಚ್. ಆದರೂ ಮುದುಕನ ಹತ್ತಿರ ಇಡೀ ಸೀಸನ್ನಿಗೆ ಎರಡು ಟಿಕೆಟ್ ಇರುತ್ತಿತ್ತು. ಹೆಂಡತಿ ತೀರಿಹೋಗಿದ್ದಳು, ಅವಳ ಸೀಟು ಖಾಲಿ. ಬರ್ತೀಯಾ ಅಂತ ನನ್ನನ್ನು ಕೇಳಿದ. ಹೋಗುವ ಆಸೆ ಇತ್ತು. ಆದರೆ ನಮ್ಮ ಕಡೆ ಹೇಗೆ ಅಂತ ನಿನಗೆ ಗೊತ್ತೇ ಇದೆ. 'ಬೇಡ, ಸುಮ್ನೆ ನಿಮಗೆ ತೊಂದರೆ' ಅಂದೆ. ಮುಂದಿನ ವಾರ ಮತ್ತೆ ಕೇಳಿದ, ಮತ್ತೆ ಬೇಡ ಅಂದೆ. ಮೂರನೇ ಸಲ ಒತ್ತಾಯ ಮಾಡಿದಾಗ ಹೂಂ ಅನ್ನೋಣ ಅಂತ ಕಾದೆ. ಆತ ಕೇಳಲೇ ಇಲ್ಲ. ಬೇಡ ಅಂದವನನ್ನು ಪೀಡಿಸಬಾರದು ಅನ್ನುವುದು ಅವನ ಮರ್ಯಾದೆ. ಅದು ನನ್ನ ತಲೆಗೆ ಹೋಗುವಷ್ಟರಲ್ಲಿ ಆತ ಮನೆ ಮಾರಿ ಮಗಳ ಊರಿಗೆ ಹೋಗಿಯಾಗಿತ್ತು. ನಾನೇ ಬಾಯಿಬಿಟ್ಟು ಕೇಳಬಹುದಿತ್ತು, ಅಲ್ವಾ?

ಕೊನೆಗೂ ಸ್ಟೇಡಿಯಮ್ಮಿಗೆ ಹೋದದ್ದು 2023ರಲ್ಲಿ. ಡಿಯಾನ್ ಬಂದ ಮೇಲೆ ಎಲ್ಲಾ ಹೌಸ್‌ಫುಲ್, ಹೇಗೋ ಒಂದು ಟಿಕೆಟ್ ಸಿಕ್ಕಿತು. ಆಟಕ್ಕೆ ಮುಂಚೆ ರಾಲ್ಫಿ ಅನ್ನುವ ಬೈಸನ್ನನ್ನು, ಅಂದರೆ ಅಮೆರಿಕದ ಕಾಡುಕೋಣವನ್ನು, ಮೈದಾನದಲ್ಲಿ ಓಡಿಸುತ್ತಾರೆ. ನಿಜವಾದ ಬೈಸನ್! ಐದು ಜನ ಹಗ್ಗ ಹಿಡಿದು ಜೊತೆಗೇ ಓಡುತ್ತಾರೆ. ಮೂಡುಬಿದಿರೆ ಕಡೆಯ ಕಂಬಳ ನೋಡಿ ಬೆಳೆದವನು ನಾನು, ಕೂಗಿಯೇ ಬಿಟ್ಟೆ. ನಮ್ಮೂರಲ್ಲೂ ಕೋಣ ಓಡಿಸುತ್ತಾರೆ ಅಂತ ಹೇಳೋಣವೆಂದರೆ ಪಕ್ಕದ ಸೀಟಿನಲ್ಲಿದ್ದವನು ಯಾರೋ ಏನೋ.

ಸೆಪ್ಟೆಂಬರಿನ ಒಂದು ಮ್ಯಾಚಿಗೆ ನಿನಗೂ ಸೇರಿಸಿ ಟಿಕೆಟ್ ತೆಗೆಯಲಾ? ಹೌದೋ ಅಲ್ಲವೋ ಹೇಳು. ಮತ್ತೆ, ಅಮ್ಮ ಹಲಸಿನ ಹಪ್ಪಳ ಕಟ್ಟಿಕೊಡಲಾ ಅಂತ ವಿಚಾರಿಸಿದ್ದಾರೆ ಅಂತ ಬರೆದಿದ್ದೀಯಲ್ಲ, ಎರಡು ಕಟ್ಟು ಬೇಕು ಅಂತ ಹೇಳಿಬಿಡು.