ಗೋದಾಮಿನಲ್ಲಿ ಕಲ್ಲಿದ್ದಲು ಇದ್ದರೂ ರಾಯಚೂರಿನಲ್ಲಿ ಕರೆಂಟ್ ಉತ್ಪಾದನೆ ಕುಸಿಯುವುದೇಕೆ?

ಈ ಪ್ರಶ್ನೆಯಲ್ಲಿ ಎರಡು ವಿಷಯ ಇವೆ. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಲ್ಲಿದ್ದಲು ಬೇಕು, ಮತ್ತು ಮಳೆಗಾಲದಲ್ಲಿ ‘ಒದ್ದೆ ಕಲ್ಲಿದ್ದಲಿನಿಂದ ಉತ್ಪಾದನೆ ಕುಸಿತ’ ಎಂದು ಪತ್ರಿಕೆಯಲ್ಲಿ ಬರುವುದು ನಿಜವೋ, ನೆಪವೋ. ಮೊದಲನೆಯದು ಗೊತ್ತಾದರೆ ಎರಡನೆಯದು ಸುಲಭ.

ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ (ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ) 210 ಮೆಗಾವಾಟ್‌ನ ಏಳು ಘಟಕ, 250 ಮೆಗಾವಾಟ್‌ನ ಒಂದು ಘಟಕ, ಒಟ್ಟು 1720 ಮೆಗಾವಾಟ್. ಇಂಥ 210ರ ಘಟಕಕ್ಕೆ ಒಂದು ಯೂನಿಟ್ ಉತ್ಪಾದಿಸಲು ಸುಮಾರು 2500 ಕಿಲೋಕ್ಯಾಲರಿ ಶಾಖ ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಹೆಚ್ಚು, ಶೇ 35–40ರವರೆಗೂ ಇರುತ್ತದೆ. ಹಾಗಾಗಿ ಕಿಲೋಗೆ 3600 ಕಿಲೋಕ್ಯಾಲರಿ ಸಿಕ್ಕರೆ ಸಾಧಾರಣ ಎನ್ನಬಹುದು. ಅಂದರೆ ಯೂನಿಟ್‌ಗೆ ಸುಮಾರು 700 ಗ್ರಾಂ. ಪೂರ್ತಿ ಓಡಿದರೆ ಗಂಟೆಗೆ 147 ಟನ್, ದಿನಕ್ಕೆ 3500 ಟನ್. ಒಂದು ರೇಕ್‌ನಲ್ಲಿ, ಅಂದರೆ ಒಂದು ಇಡೀ ಗೂಡ್ಸ್ ರೈಲಿನಲ್ಲಿ, ಬರುವುದು ಹೆಚ್ಚುಕಡಿಮೆ ಅಷ್ಟೇ, 3800 ಟನ್ ಆಸುಪಾಸು. ಒಂದು ಘಟಕಕ್ಕೆ ದಿನಕ್ಕೊಂದು ರೇಕ್ ಎಂದು ನೆನಪಿಟ್ಟುಕೊಳ್ಳಿ.

ಆ 2500ರಲ್ಲಿ ವಿದ್ಯುತ್ ಆಗುವುದು 860 ಮಾತ್ರ. ಸುಮಾರು 350 ಚಿಮಣಿಯ ಹೊಗೆಯ ಜೊತೆಗೂ ಬಾಯ್ಲರ್‌ನ ಇತರ ನಷ್ಟಗಳಲ್ಲೂ ಹೋಗುತ್ತದೆ. ಉಳಿದ 1300ರಷ್ಟು, ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರ್ ಮೂಲಕ ಕೂಲಿಂಗ್ ಟವರ್‌ಗೆ. ಕೃಷ್ಣೆಯ ನೀರಿಲ್ಲದೆ ಈ ಕೇಂದ್ರ ನಡೆಯದಿರುವುದು ಇದಕ್ಕೇ.

ಈಗ ಮಳೆಯ ವಿಷಯ. ಕುಲುಮೆಗೆ ಕಲ್ಲಿದ್ದಲನ್ನು ಗಟ್ಟಿಯಾಗಿ ಸುರಿಯುವುದಿಲ್ಲ, ಪುಡಿ ಮಾಡಿ ಗಾಳಿಯಲ್ಲಿ ಊದುತ್ತಾರೆ. ವ್ಯಾಗನ್ನಿನಿಂದ ಇಳಿದದ್ದು ಕ್ರಷರ್‌ನಲ್ಲಿ ಒಡೆದು, ಕನ್ವೇಯರ್ ಬೆಲ್ಟ್ ಮೇಲೆ ಬಂಕರ್ ಎಂಬ ದೊಡ್ಡ ತೊಟ್ಟಿಗೆ ಏರಿ, ಅಲ್ಲಿಂದ ಅಳತೆಯಾಗಿ ಬಿಡುವ ಫೀಡರ್ ಮೂಲಕ ಅರೆಯುವ ಮಿಲ್ಲಿಗೆ ಬೀಳುತ್ತದೆ. ಮಿಲ್ಲಿನಲ್ಲಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ, ಶೇ 70ರಷ್ಟು ಭಾಗ 75 ಮೈಕ್ರಾನ್‌ಗಿಂತ ಸಣ್ಣದಾಗಿ, ಅರೆಯಬೇಕು. ಅರೆಯುವಾಗಲೇ 250–300 ಡಿಗ್ರಿಯ ಬಿಸಿಗಾಳಿ ಹಾಯಿಸಿ ಒಣಗಿಸುತ್ತಾರೆ. ಆ ಗಾಳಿಯೇ ಪುಡಿಯನ್ನು ಬರ್ನರ್‌ಗೂ ಒಯ್ಯುತ್ತದೆ. ಮಿಲ್ಲಿನಿಂದ ಹೊರಬರುವಾಗ ಉಷ್ಣತೆ 70–80 ಡಿಗ್ರಿ ಇರಬೇಕು. ತುಂಬ ಏರಿದರೆ ಮಿಲ್ಲಿನೊಳಗೇ ಬೆಂಕಿ ಹೊತ್ತಿಕೊಳ್ಳುತ್ತದೆ, 60ಕ್ಕಿಂತ ಇಳಿದರೆ ಪುಡಿ ಮುದ್ದೆಗಟ್ಟಿ ಪೈಪಿನಲ್ಲಿ ಕೂರುತ್ತದೆ.

ಗಂಟೆಗೆ 30 ಟನ್ ಅರೆಯುವ ಮಿಲ್ಲಿಗೆ ಶೇ 10 ಹೆಚ್ಚುವರಿ ತೇವ ಬಂತೆನ್ನಿ. ಗಂಟೆಗೆ 3 ಟನ್ ನೀರನ್ನು ಆವಿ ಮಾಡುವ ಕೆಲಸ ಮೈಮೇಲೆ ಬಿತ್ತು, ಬಿಸಿಗಾಳಿ ಮಾತ್ರ ಮೊದಲಿನಷ್ಟೇ. ಉಷ್ಣತೆ ಇಳಿಯತೊಡಗುತ್ತದೆ. ಆಪರೇಟರ್‌ಗೆ ಉಳಿಯುವ ದಾರಿ ಒಂದೇ, ಫೀಡರ್ ನಿಧಾನ ಮಾಡುವುದು. ಐದು ಮಿಲ್ ತಲಾ 30 ಟನ್ ಕೊಡುತ್ತಿದ್ದದ್ದು 22ಕ್ಕೆ ಇಳಿದರೆ ಗಂಟೆಗೆ 110 ಟನ್. ಅದರಲ್ಲೂ ತೇವ ಸೇರಿರುವುದರಿಂದ ಕಿಲೋಗೆ 3600 ಇದ್ದದ್ದು 3240. ಲೆಕ್ಕ ಹಾಕಿ: 210 ಕೊಡಬೇಕಾದ ಘಟಕ 142ಕ್ಕೆ ಬಂದು ನಿಂತಿತು. ಆದ್ದರಿಂದ ಇದು ನೆಪವಲ್ಲ. ಒದ್ದೆ ಕಲ್ಲಿದ್ದಲು ಉರಿಯುವುದಿಲ್ಲ ಎಂದಲ್ಲ, ಕುಲುಮೆಯವರೆಗೆ ಸಾಕಷ್ಟು ತಲುಪುವುದಿಲ್ಲ.

ಎಷ್ಟೋ ಸಲ ಕಲ್ಲಿದ್ದಲು ಮಿಲ್ಲಿನವರೆಗೂ ಬರುವುದಿಲ್ಲ. ದಪ್ಪ ತುಂಡು ನೆನೆದರೆ ಅಷ್ಟು ತೊಂದರೆಯಿಲ್ಲ. ಮಣ್ಣು ಬೆರೆತ ಪುಡಿ ನೆನೆದಾಗಲೇ ಪೀಕಲಾಟ. ಅದು ಬಂಕರಿನ ಇಳಿಜಾರು ಗೋಡೆಗೆ ಅಂಟಿ, ಮಧ್ಯದಲ್ಲಿ ಕಮಾನು ಕಟ್ಟಿ ನಿಲ್ಲುತ್ತದೆ. ಮೇಲೆ ನೂರಾರು ಟನ್ ಇದ್ದರೂ ಕೆಳಗಿನ ಫೀಡರ್ ಖಾಲಿ ತಿರುಗುತ್ತದೆ. ಆಗ ಸಿಬ್ಬಂದಿ ಕಬ್ಬಿಣದ ಸರಳಿನಿಂದ ತಿವಿದು, ಹೊರಗೋಡೆಗೆ ಸುತ್ತಿಗೆ ಬಡಿದು ಬೀಳಿಸಬೇಕು. ಧೂಳು, ಸೆಕೆ, ಕಿವಿಗಡಚಿಕ್ಕುವ ಸದ್ದಿನ ನಡುವೆ ಇಡೀ ಪಾಳಿ ಇದನ್ನೇ ಮಾಡುವವರ ಶ್ರಮ ಸುದ್ದಿಯಲ್ಲಿ ಬರುವುದೇ ಇಲ್ಲ.

ಫೀಡರ್ ಬಿಟ್ಟು ಬಿಟ್ಟು ಕೊಟ್ಟರೆ ಜ್ವಾಲೆ ಓಲಾಡುತ್ತದೆ. ಜ್ವಾಲೆ ಆರಿದ್ದು ಅದನ್ನು ಗಮನಿಸುವ ಸ್ಕ್ಯಾನರ್‌ಗೆ ಗೊತ್ತಾದ ಕೆಲವೇ ಕ್ಷಣದಲ್ಲಿ ಬಾಯ್ಲರ್ ಟ್ರಿಪ್ ಆಗಬೇಕು, ಅಂದರೆ ತಾನಾಗಿಯೇ ನಿಲ್ಲಬೇಕು. ಇಲ್ಲದಿದ್ದರೆ ಉರಿಯದ ಪುಡಿ ಕುಲುಮೆಯಲ್ಲಿ ತುಂಬಿ ಸ್ಫೋಟಿಸಬಹುದು. ಹಾಗಾಗದಂತೆ ತೈಲ ಸಿಂಪಡಿಸಿ ಉರಿಸುವ ಆಯಿಲ್ ಗನ್ ಹಚ್ಚಿ ಜ್ವಾಲೆಗೆ ಆಸರೆ ಕೊಡುತ್ತಾರೆ. ಆ ತೈಲ ಕಲ್ಲಿದ್ದಲಿಗಿಂತ ಬಹಳ ದುಬಾರಿ.

ತಡೆಯಲು ಆಗುವುದಿಲ್ಲವೇ ಎಂದರೆ, ಸ್ವಲ್ಪ ಮಟ್ಟಿಗೆ ಆಗುತ್ತದೆ. ಮಳೆಗೆ ಮುಂಚೆ ಒಣಗಿದ ಕಲ್ಲಿದ್ದಲನ್ನು ಶೆಡ್ಡಿನಡಿ ಇಟ್ಟು ಒದ್ದೆಯದರ ಜೊತೆ ಬೆರೆಸಬಹುದು. ಯಾರ್ಡಿನ ರಾಶಿಯನ್ನು ಬುಲ್ಡೋಜರ್‌ನಿಂದ ಒತ್ತಿ ಇಳಿಜಾರು ಮಾಡಿದರೆ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಬಂಕರಿನ ಒಳಗೋಡೆಗೆ ಲೈನರ್ ಎಂಬ ನುಣುಪಾದ, ಜಾರುವ ಹೊದಿಕೆ ಹಾಕುವುದೂ ಉಂಟು. ನನ್ನ ಪ್ರಕಾರ ಶೆಡ್ಡಿಗೆ ಹಾಕಿದ ಹಣ ಎಲ್ಲಕ್ಕಿಂತ ಬೇಗ ವಾಪಸ್ ಬರುತ್ತದೆ. ಆದರೆ ಗಣಿಯಲ್ಲೇ ಅಥವಾ ಮುಚ್ಚಿಗೆಯಿಲ್ಲದ ವ್ಯಾಗನ್ನಿನಲ್ಲಿ ನೆನೆದು ಬಂದದ್ದಕ್ಕೆ ಇಲ್ಲಿ ಪೂರ್ತಿ ಪರಿಹಾರವಿಲ್ಲ.

ಇನ್ನು ಸುದ್ದಿ ಓದುವಾಗ ಒಂದನ್ನು ಗಮನಿಸಿ. ಘಟಕ 140–150ರಲ್ಲಿ ಎಳೆಯುತ್ತಿದ್ದರೆ ಕಲ್ಲಿದ್ದಲಿನ ತೊಂದರೆ ಇರಬಹುದು. ಪೂರ್ತಿ ನಿಂತು ಎರಡು ಮೂರು ದಿನ ಆರಂಭವಾಗದಿದ್ದರೆ ಅದು ಬಹುತೇಕ ಬಾಯ್ಲರ್ ಟ್ಯೂಬ್ ಸೋರಿಕೆ. ಬೂದಿ ಉಜ್ಜಿ ಉಜ್ಜಿ ಕೊಳವೆ ತೆಳುವಾಗಿ ತೂತು ಬಿದ್ದಿರುತ್ತದೆ. ಕುಲುಮೆ ಆರಿ ತಣ್ಣಗಾಗುವವರೆಗೆ ಯಾರೂ ಒಳಗೆ ಇಳಿಯುವಂತಿಲ್ಲ, ಆಮೇಲೆ ವೆಲ್ಡಿಂಗ್, ನೀರಿನೊತ್ತಡದ ಪರೀಕ್ಷೆ, ಮತ್ತೆ ತೈಲ ಹಚ್ಚಿ ನಿಧಾನವಾಗಿ ಕಾಯಿಸುವುದು. ಅಷ್ಟಕ್ಕೇ ಆ ದಿನಗಳು ಹಿಡಿಯುತ್ತವೆ.