ಅಪ್ಪ ಹೋದ ಮೇಲೆ ಯಾವ ಚರ್ಚಿಗೆ ಹೋಗಲಿ?

ಓದುಗರೊಬ್ಬರ ಪತ್ರ: ನಾನು ಮಂಡ್ಯದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆ) ಕುಟುಂಬದವಳು. ಮಗುವಾಗಿದ್ದಾಗಲೇ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಹೈಸ್ಕೂಲಿನಲ್ಲಿದ್ದಾಗ ಸ್ಥಿರೀಕರಣ (ಆ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ವಿಧಿ) ಆಗಿದೆ. ಕೆಲಸಕ್ಕೆಂದು ಮೈಸೂರಿಗೆ ಬಂದು ಎರಡು ವರ್ಷ. ಹೋದ ವರ್ಷ ಅಪ್ಪ ತೀರಿಕೊಂಡರು. ಅಂದಿನಿಂದ ಯಾವ ಚರ್ಚಿನಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಸಹೋದ್ಯೋಗಿಯೊಬ್ಬರು ಕಥೋಲಿಕ ದೇವಾಲಯದಲ್ಲಿ ಅಪ್ಪನ ಹೆಸರಿನಲ್ಲಿ ಪೂಜೆ ಕೊಡಿಸಿದರು; ಅತ್ತು ಹಗುರಾದೆ. ಪಕ್ಕದ ಮನೆಯವರು ಪೆಂತೆಕೋಸ್ತ ಸಭೆಗೆ ಕರೆಯುತ್ತಾರೆ, ಆದರೆ ಮತ್ತೆ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು ಅನ್ನುತ್ತಾರೆ. ನನಗೆ ಯಾವುದು ಸರಿ?

ಸಂಪಾದಕರ ಉತ್ತರ:

ಪ್ರಿಯ ಸಹೋದರಿ, ವಂದನೆಗಳು. ನೀವು ಕೇಳಿರುವುದು ಚರ್ಚಿನ ವಿಷಯ, ಆದರೆ ಪತ್ರದ ತುಂಬ ಅಪ್ಪನೇ ಇದ್ದಾರೆ. ಅಲ್ಲಿಂದಲೇ ಶುರು ಮಾಡೋಣ.

ಕಥೋಲಿಕರು ತೀರಿಕೊಂಡವರಿಗಾಗಿ ಬಲಿಪೂಜೆ ಅರ್ಪಿಸುವುದರ ಹಿಂದೆ ಒಂದು ಬೋಧನೆಯಿದೆ. ದೇವರ ಸ್ನೇಹದಲ್ಲೇ ಸತ್ತರೂ ಇನ್ನೂ ಶುದ್ಧಿಯಾಗಬೇಕಾದ ಆತ್ಮಗಳಿಗೆ ಬದುಕಿರುವವರ ಪ್ರಾರ್ಥನೆ ನೆರವಾಗುತ್ತದೆ ಎಂದು ಅವರು ನಂಬುತ್ತಾರೆ. ಅದಕ್ಕೆ ಎರಡನೆಯ ಮಕ್ಕಬಿಯರ ಗ್ರಂಥದ 12ನೇ ಅಧ್ಯಾಯವನ್ನು ತೋರಿಸುತ್ತಾರೆ. ನಿಮ್ಮ ಮನೆಯ ಸತ್ಯವೇದದಲ್ಲಿ (ಬೈಬಲಿನಲ್ಲಿ) ಹುಡುಕಿದರೆ ಆ ಗ್ರಂಥ ಸಿಗುವುದಿಲ್ಲ. ಅದರಲ್ಲಿರುವುದು 66 ಪುಸ್ತಕ, ಕಥೋಲಿಕರ ಬೈಬಲಿನಲ್ಲಿ 73. ನೀವು ಬೆಳೆದ ಸಭೆಯಲ್ಲಿ ತೀರಿಕೊಂಡವರ ಬಾಳಿಗಾಗಿ ದೇವರಿಗೆ ಕೃತಜ್ಞತೆ ಹೇಳುತ್ತಾರೆ, ಪುನರುತ್ಥಾನದ ನಿರೀಕ್ಷೆಯನ್ನು ಓದುತ್ತಾರೆ. ಅವರ ಶುದ್ಧಿಗಾಗಿ ಬೇಡುವ ರೂಢಿ ಇಲ್ಲ. ಪೆಂತೆಕೋಸ್ತರ ಪ್ರಾರ್ಥನೆಯೆಲ್ಲ ಉಳಿದವರ ಸಮಾಧಾನಕ್ಕಾಗಿ. ಹಾಗಾಗಿ ಅಂದು ನಿಮಗೆ ಹಗುರಾದದ್ದು ಯಾಕೆ ಎಂದು ಕೂತು ಯೋಚಿಸಿ. ಅಪ್ಪನಿಗಾಗಿ ಇನ್ನೂ ಏನೋ ಮಾಡಬಹುದು ಎಂಬ ನಂಬಿಕೆಯೇ ನಿಮ್ಮನ್ನು ಹಿಡಿದಿದ್ದರೆ ಕಥೋಲಿಕ ಬೋಧನೆಯನ್ನು ಸರಿಯಾಗಿ ತಿಳಿದುಕೊಳ್ಳಿ. ಒಂದು ವರ್ಷ ಯಾರೆದುರೂ ಅಳದೆ ಇದ್ದು ಅಂದು ಅತ್ತಿರಿ ಎಂದಾದರೆ, ನಿಮಗೆ ಬೇಕಿರುವುದು ನಿಮ್ಮ ದುಃಖ ಕೇಳುವ ಸಭಾಪಾಲಕರು ಮತ್ತು ನಾಲ್ಕು ಜನ. ಅದು ಮೂರೂ ಕಡೆ ಸಿಗಬಹುದು, ಮೂರೂ ಕಡೆ ಸಿಗದೆಯೂ ಇರಬಹುದು.

ನೋಡಲು ಹೋಗುವುದಾದರೆ ಕ್ರಿಸ್‌ಮಸ್, ಈಸ್ಟರ್ ಬಿಟ್ಟು ಸಾಧಾರಣ ಭಾನುವಾರ ಹೋಗಿ. ಒಂದೇ ಕಡೆ ಸತತ ಆರು ಭಾನುವಾರ ಹೋಗಿ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಎಂದು ಸುತ್ತಿದರೆ ಹಾಡು ಚೆನ್ನಾಗಿತ್ತೋ, ಪ್ರಸಂಗ ಉದ್ದವಾಯಿತೋ ಎಂಬುದಷ್ಟೇ ತಿಳಿಯುತ್ತದೆ. ಆರು ವಾರದಲ್ಲಿ ಒಂದಾದರೂ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ) ಆರಾಧನೆ ಬರುತ್ತದೆ, ಒಂದಾದರೂ ಮೀಟಿಂಗು, ಜಗಳ, ಲೆಕ್ಕ ಓದುವುದು ಕಣ್ಣಿಗೆ ಬೀಳುತ್ತದೆ.

ಕಥೋಲಿಕರು ಕರ್ತನ ಭೋಜನಕ್ಕೆ ಪರಮಪ್ರಸಾದ ಅನ್ನುತ್ತಾರೆ. ಅದು ಪ್ರತಿ ಪೂಜೆಯಲ್ಲೂ ಇದೆ, ಆದರೆ ನಿಮಗೆ ಸಲ್ಲದು. ಜನ ಸಾಲಾಗಿ ಹೋಗುತ್ತಾರೆ, ಗುರುಗಳು ‘ಕ್ರಿಸ್ತರ ಶರೀರ’ ಅನ್ನುತ್ತಾರೆ, ಪಡೆಯುವವರು ‘ಆಮೆನ್’ ಅನ್ನುತ್ತಾರೆ. ಆ ಆಮೆನ್‌ನಲ್ಲಿ ಆ ಸಭೆಯ ಇಡೀ ನಂಬಿಕೆಗೆ ಒಪ್ಪಿಗೆ ಇದೆ. ಅದಕ್ಕೇ ಅನ್ಯಸಭೆಯವರಿಗೆ ಕೊಡುವುದಿಲ್ಲ. ಅವಮಾನ ಎಂದುಕೊಳ್ಳಬೇಡಿ, ಬೆಂಚಿನಲ್ಲೇ ಮೊಣಕಾಲೂರಿ ಇರಿ. ಇನ್ನೊಂದು ಮಾತು: ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚು ನೋಡಲು ಭವ್ಯ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲಿಟ್ಟ ಕಟ್ಟಡ, ಗೋಪುರ 175 ಅಡಿ. ಆದರೆ ಪ್ರವಾಸಿಗರ ಓಡಾಟದ ನಡುವೆ ನಿಮ್ಮ ಹೆಸರು ಯಾರಿಗೂ ಗೊತ್ತಾಗದು. ಕಥೋಲಿಕರಲ್ಲಿ ವಾಸದ ಬಡಾವಣೆಯ ಮೇಲೆ ಧರ್ಮಕೇಂದ್ರ, ಅಂದರೆ ನೀವು ಸೇರುವ ಚರ್ಚು, ತೀರ್ಮಾನವಾಗುತ್ತದೆ. ನಿಮ್ಮ ಮನೆ ಯಾವುದಕ್ಕೆ ಸೇರುತ್ತದೆ ಎಂದು ಕೇಳಿ ಅಲ್ಲಿಗೇ ಹೋಗಿ.

ಪೆಂತೆಕೋಸ್ತ ಆರಾಧನೆಗೆ ಎರಡು, ಮೂರು ಗಂಟೆ ಬಿಡುವು ಮಾಡಿಕೊಳ್ಳಿ. ಚಪ್ಪಲಿ ಹೊರಗೆ, ಹೆಂಗಸರ ತಲೆ ಮೇಲೆ ಸೆರಗು, ಚಾಪೆಯೋ ಪ್ಲಾಸ್ಟಿಕ್ ಕುರ್ಚಿಯೋ, ಕೀಬೋರ್ಡಿನ ಜೊತೆ ಮುಕ್ಕಾಲು ಗಂಟೆ ಹಾಡು. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವಾಗ ಮೊದಲ ಸಲ ಗಾಬರಿಯಾಗುವುದು ಸಹಜ. ಎದೆಯೊಳಗೆ ಕಟ್ಟಿಕೊಂಡಿದ್ದನ್ನು ಅಲ್ಲಿ ಬಾಯಿಬಿಟ್ಟು ಹೇಳಲು ಜಾಗವಿದೆ, ಅದು ದೊಡ್ಡದು. ಆದರೆ ಪಾಸ್ಟರ್ ‘ನಂಬಿಕೆ ಇದ್ದರೆ ಮಾತ್ರೆ ಬಿಡಿ’ ಅಂದರೆ ಅಂದೇ ಎದ್ದು ಬನ್ನಿ. ಸಕ್ಕರೆ, ಬಿ.ಪಿ., ಫಿಟ್ಸ್ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಕುತ್ತು.

ದೀಕ್ಷಾಸ್ನಾನದ ವಿಷಯದಲ್ಲಿ ಅವಸರ ಬೇಡ ಎಂದು ಕೈಮುಗಿದು ಹೇಳುತ್ತೇವೆ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಕೊಟ್ಟದ್ದು ಒಮ್ಮೆಗೇ ಮುಗಿಯಿತು ಎಂಬುದು ಸಿ.ಎಸ್.ಐ. ನಿಲುವು. ಕಥೋಲಿಕರೂ ಅದನ್ನು ಒಪ್ಪುತ್ತಾರೆ. ಅಲ್ಲಿಗೆ ಸೇರುವುದಾದರೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೊಟ್ಟು, ಉಪದೇಶ ಕಲಿತು, ನಂಬಿಕೆಯನ್ನು ಅರಿಕೆ ಮಾಡಿ ದೃಢೀಕರಣ (ಅವರ ಸ್ಥಿರೀಕರಣ), ಪರಮಪ್ರಸಾದ ಪಡೆಯುತ್ತೀರಿ. ಪೆಂತೆಕೋಸ್ತರು ಮಾತ್ರ, ತಾನೇ ನಂಬಿದ ಮೇಲೆ ನೀರಿನಲ್ಲಿ ಮುಳುಗಿದರಷ್ಟೇ ದೀಕ್ಷಾಸ್ನಾನ ಅನ್ನುತ್ತಾರೆ. ಅವರ ದೃಷ್ಟಿಯಲ್ಲಿ ಇದು ಎರಡನೆಯದಲ್ಲ, ಮೊದಲನೆಯದು. ನೀವು ಮುಳುಗಿ ಎದ್ದರೆ, ಅಪ್ಪ ಅಮ್ಮ ಎತ್ತಿಕೊಂಡು ಹೋಗಿ ಕೊಡಿಸಿದ್ದು ದೀಕ್ಷಾಸ್ನಾನವೇ ಅಲ್ಲ ಎಂದು ಒಪ್ಪಿದಂತೆ. ಅಪ್ಪನ ನೆನಪು ಹಸಿಯಾಗಿರುವಾಗ, ಪಕ್ಕದ ಮನೆಯವರ ಪ್ರೀತಿಗೆ ಕಟ್ಟುಬಿದ್ದು ತೆಗೆದುಕೊಳ್ಳುವ ತೀರ್ಮಾನವಲ್ಲ ಇದು. ಒಂದು ವರ್ಷವಾದರೂ ಕಾಯಿರಿ. ಕಾಯಲು ಬಿಡದ ಸಭೆಯಾದರೆ ಅದೇ ನಿಮಗೆ ಉತ್ತರ.

ಕೇಳಲು ಸಂಕೋಚವಾದರೂ ಕೇಳಲೇಬೇಕಾದವು ಕೆಲವು ಇವೆ. ಸಮಾಧಿ ಭೂಮಿ ಇದೆಯೇ? ಬಾಡಿಗೆ ಹಾಲಿನಲ್ಲಿ ಕೂಡುವ ಎಷ್ಟೋ ಸಭೆಗಳಿಗೆ ಇಲ್ಲ, ಸಾವಿನ ದಿನ ಮನೆಯವರು ಹಳೇ ಚರ್ಚಿನ ಬಾಗಿಲಿಗೆ ಓಡಬೇಕಾಗುತ್ತದೆ. ಅಲ್ಲಿ ಸದಸ್ಯತ್ವ, ಚಂದಾ ಬಾಕಿಯ ಮಾತು ಏಳುತ್ತದೆ. ಮುಂದೆ ನಿಮ್ಮ ಮದುವೆ ನಡೆಸಲು ಪಾಸ್ಟರಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಅಧಿಕಾರ ಇದೆಯೇ? ಕಾಣಿಕೆಗೆ ರಸೀದಿ ಕೊಡುತ್ತಾರೆಯೇ, ವರ್ಷಕ್ಕೊಮ್ಮೆ ಲೆಕ್ಕ ಓದುತ್ತಾರೆಯೇ? ದಶಮಾಂಶ ಎಂದರೆ 25,000 ಸಂಬಳದಲ್ಲಿ 2,500. ಅದು ಎಲ್ಲಿಗೆ ಹೋಯಿತು ಎಂದು ಕೇಳುವುದು ಅವಿಶ್ವಾಸವಲ್ಲ.

ನಮ್ಮ ಅಭಿಪ್ರಾಯ ಕೇಳುವುದಾದರೆ, ಮೊದಲ ಆರು ವಾರ ಮೈಸೂರಿನ ಸಿ.ಎಸ್.ಐ. ಸಭೆಯೊಂದಕ್ಕೇ ಕೊಡಿ. ಎರಡು ವರ್ಷದಲ್ಲಿ ನೀವು ಅಲ್ಲಿ ಹೊರಗಿನವರಾಗಿಯೇ ಕೂತು ಎದ್ದು ಬಂದಂತೆ ಕಾಣುತ್ತದೆ. ಮಂಡ್ಯದ ಸಭಾಪಾಲಕರಿಗೆ ಫೋನ್ ಮಾಡಿ ಸದಸ್ಯತ್ವದ ವರ್ಗಾವಣೆ ಪತ್ರ ಬರೆಸಿಕೊಳ್ಳಿ, ದೀಕ್ಷಾಸ್ನಾನ ಮತ್ತು ಸ್ಥಿರೀಕರಣದ ಸರ್ಟಿಫಿಕೇಟಿನ ಪ್ರತಿಯನ್ನೂ ಕೇಳಿ. ಮುಂದೆ ಕಥೋಲಿಕರಲ್ಲಿಗೆ ಹೋದರೂ ಅವು ಬೇಕಾಗುತ್ತವೆ. ಪತ್ರವನ್ನು ಆರಾಧನೆ ಮುಗಿದ ಗದ್ದಲದಲ್ಲಿ ಕೊಡಬೇಡಿ; ವಾರದ ನಡುವೆ ಒಂದು ಸಂಜೆ ಸಭಾಪಾಲಕರ ಮನೆಗೆ ಹೋಗಿ ಕೊಡಿ, ಅಪ್ಪನ ವಿಷಯ ಹೇಳಿ, ವರ್ಷದ ಕೃತಜ್ಞತಾ ಪ್ರಾರ್ಥನೆಯನ್ನು ನಿಮ್ಮ ಬಾಡಿಗೆ ಮನೆಯಲ್ಲೇ ಇಟ್ಟುಕೊಳ್ಳಬಹುದೇ ಎಂದು ಕೇಳಿ. ಆ ಸಹೋದ್ಯೋಗಿಯನ್ನೂ ಪಕ್ಕದ ಮನೆಯವರನ್ನೂ ಅಂದು ಕರೆಯಿರಿ.