ಮೂಗುತಿಯ ತೂಕ

ಸಿಂಧನೂರಿನ ನಿವೃತ್ತ ಮಾಸ್ತರರೊಬ್ಬರ ಪತ್ರ: “ನಮ್ಮೂರ ಶಾಲೆಯಲ್ಲಿ ಗಣಿತಕ್ಕೆ ಮಾಸ್ತರಿಲ್ಲ. ಸರ್ಕಾರ ಮಾತ್ರ ನಾಲ್ಕು ಹುಡುಗರನ್ನು ವಿಮಾನ ಹತ್ತಿಸಿ ಪರದೇಶಕ್ಕೆ ಓದಲು ಕಳಿಸುತ್ತದೆ. ಮೂಗಿಗಿಂತ ಮೂಗುತಿ ಭಾರವಲ್ಲವೇ? ಹೋದವರು ತಿರುಗಿ ಬರುವ ಖಾತ್ರಿಯಾದರೂ ಏನು?”

ಸಂಪಾದಕರ ಉತ್ತರ:

ಗಣಿತದ ಮಾತು ನಿಜ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮಾಸ್ತರರೇ, ಮೂಗುತಿ ಬಿಚ್ಚಿಸಿದರೆ ನೆಗಡಿ ಹೋಗುತ್ತದೆಯೇ?

ನಮ್ಮ ಸೀಮೆಯನ್ನು ಆಳಿದ ನಿಜಾಮರೇ 1895ರಲ್ಲಿ ಹದಿನಾರರ ಹುಡುಗಿಯೊಬ್ಬಳನ್ನು ವಿದ್ಯಾರ್ಥಿವೇತನ ಕೊಟ್ಟು ಇಂಗ್ಲೆಂಡಿಗೆ ಕಳಿಸಿದರು. ಆಕೆಯೇ ಸರೋಜಿನಿ ನಾಯ್ಡು. ಆ ದುಡ್ಡಿನಲ್ಲಿ ಎಷ್ಟು ಮಾಸ್ತರರನ್ನು ಇಡಬಹುದಿತ್ತೆಂದು ಆಗಲೂ ಯಾರೋ ಲೆಕ್ಕ ಹಾಕಿರಬೇಕು!

ಇನ್ನು ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಕಥೆ ಕೇಳಿ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯದ ಸಾಮಾನು ಕಂಡಕಂಡ ದೇಶಗಳಲ್ಲಿ ರಾಶಿ ಬಿದ್ದಿತ್ತು. ಅದನ್ನು ಮಾರಿ ಬಂದ ದುಡ್ಡಿನಲ್ಲಿ ಓದುವವರನ್ನು ದೇಶದಿಂದ ದೇಶಕ್ಕೆ ಕಳಿಸೋಣ ಎಂದರು ಸೆನೆಟರ್ ಫುಲ್‌ಬ್ರೈಟ್. 1946ರಲ್ಲಿ ಕಾಯ್ದೆಯಾಯಿತು, 1950ರಲ್ಲಿ ಭಾರತವೂ ಸಹಿ ಹಾಕಿತು. ಗುಜರಿ ಮಾರಿದ ದುಡ್ಡು, ಮಾಸ್ತರರೇ! ಕವಿ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋದದ್ದು ಇದೇ ದಾರಿಯಲ್ಲಿ. ಅವರು ಅಲ್ಲೇ ಉಳಿದರಲ್ಲ ಎನ್ನುತ್ತೀರಿ. ಉಳಿದರು, ಆದರೆ ಬಸವಣ್ಣ, ಅಲ್ಲಮರನ್ನು ಜೊತೆಗೆ ಒಯ್ದಿದ್ದರು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದ ಅನಂತಮೂರ್ತಿ ಅಲ್ಲಿ ಕೂತು ಬರೆದದ್ದು ಮಲೆನಾಡಿನ ಅಗ್ರಹಾರದ ಕಥೆ. ಓದು ಮುಗಿಸಿ ಮೈಸೂರಿಗೇ ಬಂದರು. ಇವತ್ತಿಗೂ ಫುಲ್‌ಬ್ರೈಟ್ ವೀಸಾದವರು ಎರಡು ವರ್ಷ ಸ್ವದೇಶದಲ್ಲಿ ಇದ್ದ ಹೊರತು ಅಲ್ಲಿ ಕಾಯಂ ನೆಲೆಸುವಂತಿಲ್ಲ. ‘ದೇಶ ಸುತ್ತು, ಕೋಶ ಓದು’ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆಸಿದವರು ನೀವೇ ಅಲ್ಲವೇ?

ನನ್ನ ತಕರಾರು ಬೇರೆ. ನಾನು ಓದುವಾಗ ಇಂಥದೊಂದು ವಿದ್ಯಾರ್ಥಿವೇತನದ ಸುತ್ತೋಲೆ ನೋಟಿಸ್ ಬೋರ್ಡಿಗೆ ಬಂತು, ಕೊನೆಯ ದಿನಾಂಕ ದಾಟಿ ಹನ್ನೊಂದು ದಿನಕ್ಕೆ. ಕೇಳಿದರೆ ಗುಮಾಸ್ತರು, “ನಿನಗ್ಯಾಕ ಬೇಕಲೇ ಫಾರಿನ್ನು, ಮೊದ್ಲ ಫೀ ಕಟ್ಟು” ಅಂದರು. ಫೀ ಕಟ್ಟಿದೆ, ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಕಲ್ಯಾಣ ಕರ್ನಾಟಕಕ್ಕೆಂದು ಸಂವಿಧಾನದಲ್ಲಿ 371ಜೆ ಕಲಮು ಬಂದ ಮೇಲೆ ನಮ್ಮ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಸಿಕ್ಕಿತು, ಸರಿ. ಸುತ್ತೋಲೆ ಹೊತ್ತಿಗೆ ತಲುಪಲು ಯಾವ ಕಲಮು ಬೇಕೋ! ಪರಿಶಿಷ್ಟ ಜಾತಿ ಮೊದಲಾದವರಿಗೆ ಕೇಂದ್ರ ಕೊಡುವ ಸಾಗರೋತ್ತರ ವಿದ್ಯಾರ್ಥಿವೇತನ ಇಡೀ ದೇಶಕ್ಕೆ 125. ದೇವದುರ್ಗದ ಕೂಲಿಯವರ ಮಗಳಿಗೆ ಅದರ ಹೆಸರು ಕಿವಿಗೆ ಬೀಳುವಷ್ಟರಲ್ಲಿ ಪಟ್ಟಣದವರು ಅರ್ಜಿ ತುಂಬಿ, ಶಿಫಾರಸು ಪತ್ರ ಲಗತ್ತಿಸಿ, ಸೂಟ್‌ಕೇಸು ಕೊಳ್ಳಲು ಹೊರಟಿರುತ್ತಾರೆ.

ನಿಮಗೆ ಈಗ ಬಿಡುವಿದೆ. ಸಂಜೆ ತಿರುಗಾಡಲು ಹೋದಾಗ ಊರ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಏನು ಅಂಟಿಸಿದ್ದಾರೆ, ಯಾವ ತಾರೀಕಿನದು, ನೋಡಿ ಬರೆಯಿರಿ. ಅಚ್ಚು ಹಾಕುತ್ತೇನೆ.